ಒಂದೇ ಪುಟ, ಹಲವು ಬ್ರೌಸರ್

ಅಂತರ್ಜಾಲದ ಒಂದೇ ಪುಟ ಶಾಲೆಯ ಕಂಪ್ಯೂಟರಿನಲ್ಲಿ ಒಂದು ಬಗೆಯಾಗಿ, ಮನೆಯ ಹಳೆಯ ಮೊಬೈಲಿನಲ್ಲಿ ಇನ್ನೊಂದು ಬಗೆಯಾಗಿ ಕಾಣುವುದನ್ನು ನೀವು ಗಮನಿಸಿರಬಹುದು. ಅಲ್ಲಿ ಅಚ್ಚುಕಟ್ಟಾಗಿದ್ದ ಸಾಲುಗಳು ಇಲ್ಲಿ ಒಂದರ ಮೇಲೊಂದು ಏರಿ ಕುಳಿತಿರುತ್ತವೆ. ವಿದ್ಯಾರ್ಥಿವೇತನದ ಅರ್ಜಿಯ ಪುಟವಾದರೆ ಕೊನೆಯ ಗುಂಡಿಯೇ ಪರದೆಯಿಂದಾಚೆ ಸರಿದು, ಅರ್ಜಿ ಅಲ್ಲಿಗೇ ನಿಂತುಹೋಗುತ್ತದೆ. ದೋಷ ಮೊಬೈಲಿನದೆಂದು ನಾವು ತಿಳಿಯುತ್ತೇವೆ. ಆದರೆ ಬಹಳ ಸಲ ಅದು ಪುಟ ಬರೆದ ರೀತಿಯಲ್ಲಿರುತ್ತದೆ. ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳು ಈ ದೋಷವನ್ನು ಮೊದಲೇ ತಪ್ಪಿಸಬಹುದು.

ಪುಟದಲ್ಲಿ ಏನಿದೆ ಎಂಬುದನ್ನು ಹೇಳುವ ಭಾಷೆ ಎಚ್.ಟಿ.ಎಂ.ಎಲ್. ಅದು ಹೇಗೆ ಕಾಣಬೇಕು, ಅಂದರೆ ಬಣ್ಣ, ಅಕ್ಷರದ ಗಾತ್ರ, ಅಂಚು, ಅಂತರ ಇವನ್ನು ಹೇಳುವುದು ಸಿ.ಎಸ್.ಎಸ್. ಈ ಎರಡನ್ನೂ ಓದಿ ಪುಟವನ್ನು ಪರದೆಯ ಮೇಲೆ ಬಿಡಿಸುವ ತಂತ್ರಾಂಶವೇ ಬ್ರೌಸರ್. ಸಿ.ಎಸ್.ಎಸ್.ನ ಕಲ್ಪನೆಯನ್ನು 1994ರ ಅಕ್ಟೋಬರಿನಲ್ಲಿ ಮುಂದಿಟ್ಟವರು ನಾರ್ವೆಯ ಹೋಕನ್ ವಿಯಂ ಲೀ. ಆಗ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದರು. ಮುಂದೆ ಬರ್ಟ್ ಬಾಸ್ ಅವರ ಜೊತೆಗೂಡಿದರು. ಮೊದಲ ಆವೃತ್ತಿ 1996ರ ಡಿಸೆಂಬರ್ 17ರಂದು ಅಧಿಕೃತವಾಯಿತು.

ಪೆಟ್ಟಿಗೆಯ ಲೆಕ್ಕ

ಸಿ.ಎಸ್.ಎಸ್.ನ ಕಣ್ಣಿಗೆ ಪುಟದಲ್ಲಿರುವುದೆಲ್ಲ ಪೆಟ್ಟಿಗೆಗಳೇ. ಒಂದು ಪೆಟ್ಟಿಗೆಯ ಅಗಲ 300 ಪಿಕ್ಸೆಲ್, ಒಳಗಿನ ಅಂತರ ಎಡಬಲಕ್ಕೆ 20ರಂತೆ, ಅಂಚು 5ರಂತೆ ಎಂದಿಟ್ಟುಕೊಳ್ಳಿ. ಪೆಟ್ಟಿಗೆ ಎಷ್ಟು ಜಾಗ ಹಿಡಿಯುತ್ತದೆ? ನಿಯಮದ ಪ್ರಕಾರ 300 ಎಂಬುದು ಒಳಗಿನ ಬರಹದ ಅಗಲ ಮಾತ್ರ. ಅದಕ್ಕೆ 40 ಮತ್ತು 10 ಕೂಡಿಸಿದರೆ ಒಟ್ಟು 350. ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಮಾತ್ರ ಅಂಚೂ ಸೇರಿ ಒಟ್ಟು 300 ಎಂದು ಲೆಕ್ಕ ಹಾಕುತ್ತಿತ್ತು. ಹಾಗಾಗಿ 600 ಪಿಕ್ಸೆಲ್ ಜಾಗದಲ್ಲಿ ಅಕ್ಕಪಕ್ಕ ಕೂರುತ್ತಿದ್ದ ಇಂಥ ಎರಡು ಪೆಟ್ಟಿಗೆಗಳಲ್ಲಿ ಒಂದು, ಬೇರೆ ಬ್ರೌಸರಿನಲ್ಲಿ ಕೆಳಗೆ ಬೀಳುತ್ತಿತ್ತು.

2001ರಲ್ಲಿ ಬಂದ ಆರನೆಯ ಆವೃತ್ತಿ, ಪುಟದ ಮೊದಲ ಸಾಲಿನಲ್ಲಿ ಸರಿಯಾದ ‘ಡಾಕ್‌ಟೈಪ್’ ಘೋಷಣೆ ಇದ್ದರೆ ನಿಯಮದ ಲೆಕ್ಕವನ್ನೇ ಅನುಸರಿಸಿತು. ಆ ಸಾಲನ್ನು ಇಂದಿಗೂ ಬಿಡಬಾರದು. ಸ್ವಾರಸ್ಯವೆಂದರೆ, ಅಂದು ತಪ್ಪೆನಿಸಿಕೊಂಡ ಲೆಕ್ಕವೇ ಬಳಸಲು ಸುಲಭವೆಂದು ಆಮೇಲೆ ಎಲ್ಲರಿಗೂ ಅನ್ನಿಸಿತು. ಈಗ ‘ಬಾಕ್ಸ್-ಸೈಜಿಂಗ್’ ಎಂಬ ಗುಣಕ್ಕೆ ‘ಬಾರ್ಡರ್-ಬಾಕ್ಸ್’ ಎಂಬ ಬೆಲೆ ಕೊಟ್ಟು ಆ ಲೆಕ್ಕವನ್ನೇ ಕೇಳಿ ಪಡೆಯಬಹುದು.

ಗೊತ್ತಿಲ್ಲದ್ದನ್ನು ಬಿಟ್ಟುಬಿಡು

ಸಿ.ಎಸ್.ಎಸ್.ನ ದೊಡ್ಡ ಗುಣವೊಂದಿದೆ. ತನಗೆ ಅರ್ಥವಾಗದ ಸೂಚನೆ ಬಂದರೆ ಬ್ರೌಸರ್ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಒಂದೇ ಗುಣಕ್ಕೆ ಎರಡು ಸೂಚನೆಗಳು ಒಂದರ ಕೆಳಗೊಂದಿದ್ದರೆ, ಅರ್ಥವಾದವುಗಳಲ್ಲಿ ಕೊನೆಯದನ್ನು ಪಾಲಿಸುತ್ತದೆ.

ತಲೆಬರಹದ ಹಿಂದೆ ಕಡುನೀಲಿಯಿಂದ ತಿಳಿನೀಲಿಗೆ ತಿರುಗುವ ಬಣ್ಣ ಹಾಕಿ, ಅಕ್ಷರವನ್ನು ಬಿಳಿಯಾಗಿಸಿದಿರಿ ಎನ್ನೋಣ. ಹಾಗೆ ತಿರುಗುವ ಬಣ್ಣವನ್ನು ತಿಳಿಯದ ಹಳೆಯ ಬ್ರೌಸರಿನಲ್ಲಿ ಹಿನ್ನೆಲೆ ಬಿಳಿಯಾಗಿಯೇ ಉಳಿದು, ಬಿಳಿಯ ಮೇಲೆ ಬಿಳಿ ಅಕ್ಷರ ಕಾಣದಾಗುತ್ತದೆ. ಅದಕ್ಕೆ ಮೊದಲು ಬರಿಯ ಕಡುನೀಲಿ ಎಂದು ಒಂದು ಸಾಲು ಬರೆದು, ಅದರ ಕೆಳಗೆ ಹೊಸ ಸೂಚನೆ ಕೊಡಬೇಕು. ಹಳೆಯದು ಮೊದಲ ಸಾಲನ್ನು, ಹೊಸದು ಎರಡನೆಯ ಸಾಲನ್ನು ಪಾಲಿಸುತ್ತದೆ. ಸರಳವಾದದ್ದು ಮೊದಲು, ಅಲಂಕಾರ ಆಮೇಲೆ. ಈ ಕ್ರಮ ಎಲ್ಲ ಕಡೆಗೂ ಸಲ್ಲುತ್ತದೆ. 2017ರ ಮಾರ್ಚಿನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳಿಗೆ ಬಂದ ‘ಗ್ರಿಡ್’ ಜೋಡಣೆಯನ್ನು ಬಳಸುವಾಗಲೂ ಇದೇ ಕ್ರಮ.

ಮೊಬೈಲಿನ ಅಗಲ

ಅರ್ಜಿಯ ಗುಂಡಿ ಆಚೆ ಸರಿಯುವುದಕ್ಕೆ ಮುಖ್ಯ ಕಾರಣ ಅಗಲವನ್ನು ಬಿಗಿಯಾಗಿ ಕಟ್ಟಿಬಿಡುವುದು. 600 ಪಿಕ್ಸೆಲ್ ಎಂದು ಗೊತ್ತು ಮಾಡಿದ ಪೆಟ್ಟಿಗೆ 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಹಿಡಿಸದು. ‘ವಿಡ್ತ್’ ಬದಲು ‘ಮ್ಯಾಕ್ಸ್-ವಿಡ್ತ್’ 600 ಎಂದರೆ, ಜಾಗವಿದ್ದಾಗ ಅಷ್ಟು ಹಿಗ್ಗಿ, ಇಲ್ಲದಾಗ ಪೆಟ್ಟಿಗೆ ತಾನೇ ಕುಗ್ಗುತ್ತದೆ. ಚಿತ್ರಗಳಿಗೆ ಅದನ್ನೇ ಶೇಕಡಾ 100 ಎಂದು ಕೊಡಿ. ಎಚ್.ಟಿ.ಎಂ.ಎಲ್. ಭಾಗದಲ್ಲಿ ‘ವ್ಯೂಪೋರ್ಟ್’ ಸೂಚನೆಯೂ ಇರಲಿ.

ಕನ್ನಡದ ಪುಟಕ್ಕೆ ಇನ್ನೂ ಎರಡು ಮಾತು. ಕನ್ನಡ ಅಕ್ಷರಶೈಲಿ ಎಲ್ಲ ಯಂತ್ರಗಳಲ್ಲಿ ಒಂದೇ ಅಲ್ಲ: ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ಆಪಲ್‌ನಲ್ಲಿ ಕನ್ನಡ ಸಂಗಮ್ ಎಂಎನ್. ‘ಫಾಂಟ್-ಫ್ಯಾಮಿಲಿ’ಯಲ್ಲಿ ಇವುಗಳ ಹೆಸರನ್ನು ಸಾಲಾಗಿ ಕೊಟ್ಟರೆ ತನ್ನಲ್ಲಿರುವುದನ್ನು ಬ್ರೌಸರ್ ಆರಿಸಿಕೊಳ್ಳುತ್ತದೆ. ನಮ್ಮ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ‘ಲೈನ್-ಹೈಟ್’ 1.6ರಷ್ಟಿದ್ದರೆ ಓದು ಹಗುರ. ಪೆಟ್ಟಿಗೆಯ ಎತ್ತರವನ್ನು ಮಾತ್ರ ಗೊತ್ತು ಮಾಡಬೇಡಿ, ಅಕ್ಷರ ದೊಡ್ಡದಾದಾಗ ಬರಹ ಹೊರಚೆಲ್ಲುತ್ತದೆ.

ಪರೀಕ್ಷಿಸಿ ನೋಡಿ

ಕ್ರೋಮ್ ಮತ್ತು ಈಗಿನ ಎಡ್ಜ್‌ಗಳ ಒಳಗಿನ ಯಂತ್ರ ಒಂದೇ. ಆದ್ದರಿಂದ ಆ ಎರಡರಲ್ಲಿ ನೋಡಿ ತೃಪ್ತರಾಗಬೇಡಿ, ಫೈರ್‌ಫಾಕ್ಸ್‌ನಲ್ಲೂ ನೋಡಿ. ಐಫೋನ್ ಸಿಕ್ಕರೆ ಸಫಾರಿಯಲ್ಲೂ ನೋಡಿ. ಕಲಿಯಲು ದುಬಾರಿ ತಂತ್ರಾಂಶ ಬೇಕಿಲ್ಲ. ನೋಟ್‌ಪ್ಯಾಡ್ ಮತ್ತು ಒಂದು ಬ್ರೌಸರ್ ಸಾಕು ಎಂಬುದನ್ನು ಪೋಷಕರು ಗಮನಿಸಬೇಕು.

ಪುಟ ಎಲ್ಲ ಕಡೆ ಒಂದೇ ಥರ ಕಾಣಬೇಕೆಂಬ ಹಟ ಬೇಡ. ಎಲ್ಲ ಕಡೆ ಓದಲು ಬಂದರೆ, ಅರ್ಜಿಯ ಗುಂಡಿ ಕೈಗೆ ಸಿಕ್ಕರೆ ಕೆಲಸ ಸರಿಯಾಗಿದೆ ಎಂದರ್ಥ. ಮನೆಯಲ್ಲಿರುವ ಅತ್ಯಂತ ಹಳೆಯ ಮೊಬೈಲಿನಲ್ಲಿ ತೆರೆದು ನೋಡುವುದೇ ಇದಕ್ಕೆ ಒಳ್ಳೆಯ ಪರೀಕ್ಷೆ.