ಗೆಣಸಿನ ಬೇಸಾಯವೂ ಮೂತಿಹುಳುವಿನಿಂದ ಬೆಳೆಯ ರಕ್ಷಣೆಯೂ

ಸಿಹಿಗೆಣಸು ಅಲ್ಪ ಖರ್ಚಿನಿಂದ ಅಧಿಕ ಆಹಾರವನ್ನು ಕೊಡುವ ಬೆಳೆಗಳಲ್ಲೊಂದು. ಇದರ ಮೂಲಸ್ಥಾನ ಅಮೆರಿಕಾ ಖಂಡದ ಉಷ್ಣಪ್ರದೇಶ. ನಾಟಿ ಮಾಡಿದ ಮೂರೂವರೆಯಿಂದ ನಾಲ್ಕು ತಿಂಗಳೊಳಗೆ ಗೆಡ್ಡೆಗಳು ಕೈಗೆ ಬರುವುವು. ಬಳ್ಳಿಯು ದನಕರುಗಳಿಗೆ ಒಳ್ಳೆಯ ಹಸುರು ಮೇವಾಗುವುದು. ಹೀಗಿದ್ದರೂ ಅನೇಕ ಹೊಲಗಳಲ್ಲಿ ಬಲಿತ ಬೆಳೆಯೇ ಕೀಳುವ ಹೊತ್ತಿಗೆ ತೂತುಬಿದ್ದು, ಕಹಿಯಾಗಿ, ತಿಪ್ಪೆಯ ಪಾಲಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಮೂತಿಹುಳು. ಬೆಲೆ ಏರಲೆಂದು ಬೆಳೆಯನ್ನು ನೆಲದಲ್ಲಿಯೇ ಬಿಟ್ಟು ಕಾಯುವ ಪದ್ಧತಿಯು ಈ ಹುಳುವಿಗೆ ಬಹಳ ಅನುಕೂಲವಾದುದು.

ಭೂಮಿ.— ನೀರು ನಿಲ್ಲದ, ಮರಳುಮಿಶ್ರಿತವಾದ ಕೆಂಪುಭೂಮಿಯು ಈ ಬೆಳೆಗೆ ಉತ್ತಮ. ಅಂಟುಮಣ್ಣಿನಲ್ಲಿ ಗೆಡ್ಡೆಗಳು ಸೊಟ್ಟಗಾಗುವುವು. ಮಣ್ಣು ಪುಡಿಯಾಗುವಂತೆ ಎರಡು ಮೂರು ಸಲ ಉತ್ತು, ಎಕರೆಗೆ 8ರಿಂದ 10 ಗಾಡಿ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಸೇರಿಸತಕ್ಕದ್ದು. ಗೆಡ್ಡೆ ದಪ್ಪವಾಗುವುದಕ್ಕೆ ಪೊಟಾಷ್ ಅಂಶವು ಅವಶ್ಯಕವಾದುದರಿಂದ, ಮನೆಯ ಒಲೆಯ ಸೌದೆಬೂದಿಯನ್ನು ವ್ಯರ್ಥಮಾಡದೆ ಹೊಲಕ್ಕೆ ಹಾಕುವುದು ಲೇಸು. ಸಾರಜನಕದ ಗೊಬ್ಬರವು ಮಿತಿಮೀರಿದರೆ ಬಳ್ಳಿ ಸೊಂಪಾಗಿ ಬೆಳೆದು ಗೆಡ್ಡೆ ಕಡಮೆಯಾಗುವುದು. ಬಳಿಕ ಎರಡು ಅಡಿಗೊಂದರಂತೆ, ಒಂದು ಅಡಿ ಎತ್ತರದ ದಿಂಡುಗಳನ್ನು ಏರಿಸಬೇಕು.

ಬಳ್ಳಿಯ ಮಡಿ.— ಹಳೆಯ ಹೊಲದಲ್ಲಿ ಉಳಿದ ಬಳ್ಳಿಯನ್ನೇ ಕೊಯ್ದು ನೆಡುವವರು ಹುಳುವನ್ನೂ ತಮ್ಮ ಕೈಯಿಂದಲೇ ನೆಟ್ಟಂತಾಗುತ್ತದೆ. ಆದಕಾರಣ ಪ್ರತಿ ವರ್ಷವೂ ಬೇರೆ ಮಡಿಯಲ್ಲಿ ಬಳ್ಳಿಯನ್ನು ಬೆಳೆಸಿಕೊಳ್ಳತಕ್ಕದ್ದು. ಒಂದು ಎಕರೆಯ ನಾಟಿಗೆ ಅರ್ಧ ಗುಂಟೆ ಮಡಿಯೂ, ಒಂದೊಂದು ಸುಮಾರು ಕಾಲು ಪೌಂಡು ತೂಗುವ, ತೂತಿಲ್ಲದ ಗೆಡ್ಡೆಗಳು ಸುಮಾರು 90 ಪೌಂಡೂ ಸಾಕು. ಗೆಡ್ಡೆಯಿಂದ ಹೊರಟ ಬಳ್ಳಿಗಳನ್ನು ಸುಮಾರು ಒಂದೂವರೆ ತಿಂಗಳಲ್ಲಿ ಕತ್ತರಿಸಿ, ಎರಡನೆಯ ದೊಡ್ಡ ಮಡಿಯಲ್ಲಿ ನೆಟ್ಟು ಹೆಚ್ಚಿಸಿಕೊಳ್ಳಬೇಕು.

ನಾಟಿ.— ತುಂಡುಗಳನ್ನು ಬಳ್ಳಿಯ ತುದಿಯ ಭಾಗದಿಂದಲೇ ತೆಗೆಯತಕ್ಕದ್ದು. ಬುಡದ ಭಾಗದಲ್ಲಿ ಹುಳುವಿನ ಮೊಟ್ಟೆಗಳಿರುವ ಸಂಭವ ಹೆಚ್ಚು. ತುಂಡು 8ರಿಂದ 12 ಅಂಗುಲ ಉದ್ದವಿದ್ದು, ಮೂರರಿಂದ ಐದು ಗಿಣ್ಣುಗಳಿರಬೇಕು. ಕೊಯ್ದ ಬಳ್ಳಿಯನ್ನು ಒಂದೆರಡು ದಿನ ನೆರಳಿನಲ್ಲಿಟ್ಟು ನೆಟ್ಟರೆ ಬೇಗ ಬೇರು ಬಿಡುವುದು. ದಿಂಡಿನ ಮೇಲೆ 9 ಅಂಗುಲಕ್ಕೊಂದರಂತೆ, ಎರಡು ಮೂರು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ನೆಡಬೇಕು. ಈ ಅಂತರದಲ್ಲಿ ಎಕರೆಗೆ ಸುಮಾರು 29,000 ತುಂಡುಗಳು ಬೇಕಾಗುವುವು. ಬೇರು ಹಿಡಿಯುವ ತನಕ, ಅಂದರೆ ಮೊದಲ ಹತ್ತು ದಿನ, ದಿನ ಬಿಟ್ಟು ದಿನ ನೀರು ಕೊಡಬೇಕು. ಆಮೇಲೆ ವಾರ ಹತ್ತು ದಿನಕ್ಕೊಮ್ಮೆ ಸಾಕು.

ಮೂತಿಹುಳುವಿನ ಸ್ವಭಾವ.— ಇದು ಕಾಲು ಅಂಗುಲ ಉದ್ದದ, ನೋಡುವುದಕ್ಕೆ ಇರುವೆಯಂತಿರುವ ಕೀಟ. ತಲೆ ಮತ್ತು ಬೆನ್ನು ನೀಲಿಗಪ್ಪು. ಎದೆ ಮತ್ತು ಕಾಲುಗಳು ಕೆಂಪು. ಹೆಣ್ಣುಹುಳು ಬಳ್ಳಿಯ ಬುಡದಲ್ಲಿಯೂ ಗೆಡ್ಡೆಯಲ್ಲಿಯೂ ಸಣ್ಣ ಗುಳಿ ಕೊರೆದು ಮೊಟ್ಟೆಯಿಡುವುದು. ಮೊಟ್ಟೆಯೊಡೆದು ಬಂದ ಬಿಳಿಯ ಮರಿಯು ಗೆಡ್ಡೆಯೊಳಗೆ ಸುರಂಗ ತೋಡಿ ತಿನ್ನುತ್ತದೆ. ಸುಮಾರು ಒಂದು ತಿಂಗಳಿಗೇ ಹೊಸ ಪೀಳಿಗೆಯು ಹೊರಬೀಳುವುದು. ಆದ್ದರಿಂದ ಬಲಿತ ಬೆಳೆಯನ್ನು ಒಂದು ತಿಂಗಳು ಹೆಚ್ಚಾಗಿ ಬಿಟ್ಟರೆ ಹುಳುವಿಗೆ ಮತ್ತೊಂದು ಪೀಳಿಗೆಯನ್ನು ಸಾಕಿದಂತೆಯೇ ಸರಿ.

ಈ ಹುಳುವಿಗೆ ನೆಲವನ್ನು ತೋಡುವ ಶಕ್ತಿಯಿಲ್ಲ. ಮಣ್ಣು ಒಣಗಿ ಬಿರುಕುಬಿಟ್ಟ ಕಡೆ ಇಳಿದು ಗೆಡ್ಡೆಯನ್ನು ಸೇರುವುದು. ಆದ್ದರಿಂದ ನೆಟ್ಟ ಒಂದು ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಕಳೆ ತೆಗೆದು ದಿಂಡಿಗೆ ಮಣ್ಣೇರಿಸಿ, ಗೆಡ್ಡೆ ಹೊರಗೆ ಕಾಣದಂತೆ ಮಾಡಬೇಕು. ಈ ಕೆಲಸಕ್ಕೆ ಗುದ್ದಲಿಯ ಹೊರತು ಬೇರೇನೂ ಬೇಡ. ತಿರುವನಂತಪುರದಲ್ಲಿ 1963ರಲ್ಲಿ ಸ್ಥಾಪಿತವಾದ ಕೇಂದ್ರೀಯ ಗೆಡ್ಡೆಬೆಳೆಗಳ ಸಂಶೋಧನಾ ಸಂಸ್ಥೆಯು ಶಿಫಾರಸು ಮಾಡಿರುವ ಕ್ರಮಗಳಲ್ಲಿ ಮೋಹಕ ಬಲೆಯೂ ಒಂದು. ಹೆಣ್ಣುಹುಳುವಿನ ವಾಸನೆಯನ್ನು ಹೋಲುವ ದ್ರವ್ಯದಿಂದ ಗಂಡುಹುಳುಗಳನ್ನು ಸೆಳೆದು ಹಿಡಿಯುವ ಸಾಧನವಿದು.

ಕೀಳುವ ಕಾಲ.— ಎಲೆಗಳು ಹಳದಿಯಾಗತೊಡಗಿದಾಗ ಒಂದು ಗೆಡ್ಡೆಯನ್ನು ಕೊಯ್ದು ನೋಡಬೇಕು. ಒಸರಿದ ಹಾಲು ಬಣ್ಣಗೆಡದೆ ಒಣಗಿದರೆ ಬೆಳೆ ಬಲಿತಿದೆ. ಕಪ್ಪಾದರೆ ಇನ್ನೂ ಎಳೆಯದು. ಬಲಿತ ಮೇಲೆ ತಡಮಾಡಬಾರದು.

ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿಗಳೊಡನೆ ಗೆಣಸನ್ನು ಬೇಯಿಸುವ ರೂಢಿಯೂ, ಶಿವರಾತ್ರಿಯ ಉಪವಾಸಕ್ಕೆ ಗೆಣಸನ್ನು ಉಪಯೋಗಿಸುವ ರೂಢಿಯೂ ಇರುವುದರಿಂದ, ಆ ದಿನಗಳಲ್ಲಿ ಗಿರಾಕಿ ಹೆಚ್ಚುವುದು ಸಹಜ. ಆದರೆ ಜೂನ್ ತಿಂಗಳಲ್ಲಿ ನೆಟ್ಟು ಅಕ್ಟೋಬರಿನಲ್ಲಿ ಬಲಿತ ಬೆಳೆಯನ್ನು ಸಂಕ್ರಾಂತಿಯವರೆಗೆ ನೆಲದಲ್ಲಿಡುವುದು ಲಾಭದ ಮಾರ್ಗವಲ್ಲ. ಹಬ್ಬದ ಪೇಟೆಯನ್ನು ಬಯಸುವವರು ಬೆಳೆಯನ್ನು ಕಾಯಿಸದೆ ನಾಟಿಯ ಕಾಲವನ್ನೇ ಬದಲಾಯಿಸಬೇಕು. ನೀರಿನ ಅನುಕೂಲವಿದ್ದಲ್ಲಿ, ಸಂಕ್ರಾಂತಿಗೆ ಸೆಪ್ಟೆಂಬರ್ ಮಧ್ಯಭಾಗದಲ್ಲಿಯೂ, ಶಿವರಾತ್ರಿಗೆ ಅಕ್ಟೋಬರ್ ಕೊನೆಯಲ್ಲಿಯೂ ನೆಟ್ಟರೆ ಬೆಳೆಯು ಸಕಾಲಕ್ಕೆ ಒದಗುವುದು.

ಗೆಡ್ಡೆಗೆ ಗಾಯವಾಗದಂತೆ ಅಗೆದು, ತೊಳೆಯದೆ, ಗಾಳಿಯಾಡುವ ನೆರಳಿನಲ್ಲಿ ನಾಲ್ಕೈದು ದಿನ ಇಟ್ಟರೆ ಸಣ್ಣ ಗಾಯಗಳು ಮಾಯುವುವು. ಬಳಿಕ ಒಣ ಮರಳಿನಲ್ಲಿ ಮುಚ್ಚಿಡಬಹುದು.

ದನಗಳ ವಿಷಯದಲ್ಲಿ ಎಚ್ಚರಿಕೆ.— ಹುಳು ತಿಂದ ಗೆಡ್ಡೆಯಲ್ಲಿ ಕಹಿಯಾದ ದ್ರವ್ಯವು ಹುಟ್ಟುತ್ತದೆ. ಬೂಷ್ಟು ಹಿಡಿದು ಕೊಳೆತ ಗೆಡ್ಡೆಯನ್ನು ದನಗಳಿಗೆ ಹಾಕಿದರೆ ಶ್ವಾಸಕೋಶದಲ್ಲಿ ನೀರು ತುಂಬಿ, ಏದುಸಿರು ಬಿಟ್ಟು, ಒಂದೆರಡು ದಿನಗಳಲ್ಲಿಯೇ ಸಾಯುವುದುಂಟು. ಮನುಷ್ಯರಿಗೆ ಸಲ್ಲದೆಂದು ಇಂಥ ಗೆಡ್ಡೆಯನ್ನು ಕೊಟ್ಟಿಗೆಗೆ ಸುರಿಯುವ ಅಭ್ಯಾಸವು, ಬೆಳೆಯ ನಷ್ಟದ ಜೊತೆಗೆ ಎತ್ತುಗಳ ನಷ್ಟವನ್ನೂ ತರುವುದು. ಅವನ್ನು ಸುಟ್ಟುಬಿಡುವುದು ಅಥವಾ ಆಳವಾಗಿ ಹೂಳುವುದು ಕ್ಷೇಮ.

ಗ್ರಾಮದ ಮುಖ್ಯಸ್ಥರ ಕರ್ತವ್ಯ.— ಒಬ್ಬನು ತನ್ನ ಹೊಲವನ್ನು ಶುದ್ಧವಾಗಿಟ್ಟು ನೆರೆಯವನು ಕೊಳೆತ ಗೆಡ್ಡೆಗಳನ್ನು ಬದುವಿನ ಮೇಲೆ ಎಸೆದರೆ ಇಬ್ಬರಿಗೂ ಫಲವಿಲ್ಲ. ಕಿತ್ತ ಮೇಲೆ ಉಳಿದ ಚೂರುಗಳನ್ನೂ ಬಳ್ಳಿಗಳನ್ನೂ ಎಲ್ಲರೂ ಆಯ್ದು ತೆಗೆಯುವಂತೆಯೂ, ಬದುಗಳಲ್ಲಿ ಬೆಳೆಯುವ, ಗೆಣಸಿನಂತೆಯೇ ಆಲಿಕೆಯಾಕಾರದ ಹೂ ಬಿಡುವ ಕಾಡುಬಳ್ಳಿಗಳನ್ನು ಕಿತ್ತುಹಾಕುವಂತೆಯೂ, ಅದೇ ಹೊಲದಲ್ಲಿ ಮುಂದಿನ ಬೆಳೆಗೆ ರಾಗಿಯನ್ನೋ ಹುರುಳಿಯನ್ನೋ, ನೀರಿದ್ದಲ್ಲಿ ಬತ್ತವನ್ನೋ ಹಾಕುವಂತೆಯೂ ಗ್ರಾಮದ ಹಿರಿಯರು ಏರ್ಪಡಿಸತಕ್ಕದ್ದು. ಈ ಹುಳು ಬಹುದೂರ ಹಾರಲಾರದು. ಆದುದರಿಂದ ಒಂದು ಊರಿನವರೆಲ್ಲರೂ ಒಂದೇ ಕಾಲದಲ್ಲಿ ಹೊಲಗಳನ್ನು ಶುದ್ಧಪಡಿಸಿದಲ್ಲಿ, ಮುಂದಿನ ವರ್ಷದ ಗೆಣಸು ಆ ಊರಿನ ಮಕ್ಕಳ ಬಾಯಿಗೆ ಸಿಹಿಯಾಗಿಯೇ ಸೇರುವುದು.