ಬಚ್ಚಲ ಬಿಸಿನೀರಿನ ಖರ್ಚು: ಗೀಸರ್ ಕೆಡುವುದೇಕೆ, ದುರಸ್ತಿಗೆ ತೆರುವುದೇನು

ಚಳಿಗಾಲವಿಡೀ ಮನೆಯನ್ನೇ ಬೆಚ್ಚಗಿಡುವ ಕುಲುಮೆಗಳು ಶೀತದೇಶಗಳಿಗೆ ಅನಿವಾರ್ಯವಾದರೆ, ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಾಗಲಿ, ಅದೇ ದಾವಣಗೆರೆ ಜಿಲ್ಲೆಯ ನ್ಯಾಮತಿ, ಚನ್ನಗಿರಿ, ಜಗಳೂರುಗಳಲ್ಲಾಗಲಿ ಮನೆಯೊಳಗಿನ ಶಾಖದ ವ್ಯವಸ್ಥೆಯೆಂದರೆ ಸ್ನಾನದ ನೀರು ಕಾಯಿಸುವ ವ್ಯವಸ್ಥೆಯೇ. ತಲೆಮಾರುಗಳ ಕಾಲ ಈ ಕೆಲಸವನ್ನು ಬಚ್ಚಲೊಲೆಯೂ ಅದರ ಮೇಲೆ ಹೂತು ಕೂರಿಸಿದ ತಾಮ್ರದ ಹಂಡೆಯೂ ನಿರ್ವಹಿಸಿದವು. ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ಒಣಗಿದ ಸೋಗೆ, ಹಾಳೆ, ಅಡಿಕೆ ಸಿಪ್ಪೆಗಳೂ ಬಯಲಿನ ಊರುಗಳಲ್ಲಿ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡೂ ಅದಕ್ಕೆ ಉರುವಲಾದವು, ಹಲವು ಮನೆಗಳಲ್ಲಿ ಈಗಲೂ ಆಗುತ್ತಿವೆ. ಹೊಗೆಯ ಕಾಟವೊಂದನ್ನು ಬಿಟ್ಟರೆ ಹಂಡೆಯೊಲೆಯಲ್ಲಿ ಕೆಡುವಂಥದ್ದು ಹೆಚ್ಚೇನೂ ಇರಲಿಲ್ಲ. ಗೀಸರ್ ಬಂದ ಮೇಲೆ ಮಾತ್ರ ನೀರು ಕಾಯಿಸುವ ಸಾಧನದ ದುರಸ್ತಿ ಎಂಬ ಖರ್ಚು ಸಂಸಾರದ ಲೆಕ್ಕದೊಳಗೆ ಸೇರಿಕೊಂಡಿತು. ಆ ಖರ್ಚಿನ ದೊಡ್ಡ ಪಾಲನ್ನು ನಿರ್ಧರಿಸುವುದು ಯಂತ್ರದ ಕಂಪನಿಗಿಂತ ಹೆಚ್ಚಾಗಿ ಅದರೊಳಗೆ ಹರಿಯುವ ನೀರು ಎಂಬುದನ್ನು ಗ್ರಾಹಕರು ತಿಳಿದಿರುವುದು ಅಗತ್ಯ.

ನೀರನ್ನು ಸಂಗ್ರಹಿಸಿ ಕಾಯಿಸುವ ಗೀಸರಿನ ರಚನೆ ಸರಳವಾದದ್ದು. ಹೊರಕವಚಕ್ಕೂ ಒಳಗಿನ ಉಕ್ಕಿನ ತೊಟ್ಟಿಗೂ ನಡುವೆ ಶಾಖ ಸೋರದಂತೆ ತಡೆಯುವ ನೊರೆಯ ಪದರವಿರುತ್ತದೆ. ತೊಟ್ಟಿಯೊಳಗೆ ಸಾಮಾನ್ಯವಾಗಿ 2,000 ವ್ಯಾಟ್‌ನ ಒಂದು ಕಾಯಿಲ್, ನೀರು ನಿಗದಿತ ಬಿಸಿ ಮುಟ್ಟಿದೊಡನೆ ವಿದ್ಯುತ್ತನ್ನು ಕಡಿಯುವ ಥರ್ಮೋಸ್ಟಾಟ್, ಅದು ಕೈಕೊಟ್ಟಾಗ ಕೆಲಸಕ್ಕೆ ಬರುವ ಕಟೌಟ್ ಮತ್ತು ತೊಟ್ಟಿಯ ಬದಲು ತಾನೇ ಸವೆಯುವ ಮೆಗ್ನೀಸಿಯಂ ಸರಳು ಇರುತ್ತವೆ. ಆನೋಡ್ ಎಂದು ಕರೆಯುವ ಈ ಸರಳು ಪೂರ್ತಿ ಸವೆದ ಮೇಲೆ ತುಕ್ಕು ತೊಟ್ಟಿಯನ್ನೇ ತಿನ್ನತೊಡಗುತ್ತದೆಯಾದ್ದರಿಂದ, ಕಡಿಮೆ ಬೆಲೆಯ ಆ ಒಂದು ಭಾಗವನ್ನು ಸಕಾಲಕ್ಕೆ ಬದಲಿಸದೆ ಇಡೀ ಗೀಸರನ್ನು ಕಳೆದುಕೊಂಡ ಮನೆಗಳು ಬಹಳ.

ನೀರಿನ ಗಡಸುತನವೆಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಪ್ರಮಾಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ವಿಧಿಸಿರುವ ಮಿತಿಯಂತೆ ಅದು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದಲ್ಲಿ 600ರವರೆಗೆ ಒಪ್ಪಬಹುದು. ನದಿಯ ನೀರು ಸಾಮಾನ್ಯವಾಗಿ ಮೆದುವಾಗಿದ್ದು, ಗಟ್ಟಿ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತು ಮೇಲೆ ಬರುವ ಬೋರ್ ನೀರು ಗಡಸಾಗಿರುತ್ತದೆ. ಹೀಗಾಗಿ ತುಂಗಭದ್ರೆಯ ನೀರು ಬರುವ ಮನೆಯ ಗೀಸರಿಗೂ ಆಳವಾದ ಬೋರ್‌ವೆಲ್‌ಗಳನ್ನೇ ನೆಚ್ಚಿರುವ ಜಗಳೂರು ಕಡೆಯ ಮನೆಯ ಗೀಸರಿಗೂ ಆಯುಷ್ಯ ಒಂದೇ ಆಗಿರಲಾರದು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಬೈಕಾರ್ಬೊನೇಟ್ ಒಡೆದು ಕರಗದ ಕಾರ್ಬೊನೇಟ್ ಆಗಿ ಕಾಯಿಲಿಗೆ ಅಂಟಿಕೊಳ್ಳುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಬಿಳಿ ಪದರ ಬೇಗ ಬೆಳೆಯುತ್ತದೆ. ಅದು ಶಾಖವನ್ನು ಸುಲಭವಾಗಿ ನೀರಿಗೆ ಬಿಟ್ಟುಕೊಡದ ಕಾರಣ ನೀರು ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಕಾಯಿಲಿನ ಒಳಗಿನ ತಂತಿ ಅತಿಯಾಗಿ ಕೆಂಪಾಗುತ್ತದೆ, ತೊಟ್ಟಿಯೊಳಗಿಂದ ಚಟಚಟ ಸದ್ದು ಕೇಳಿಸುತ್ತದೆ, ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ಸದ್ದು ಕೇಳಿಸಿದ ಹಂತದಲ್ಲೇ ಕೆಳಗಿನ ಮುಚ್ಚಳ ಬಿಚ್ಚಿಸಿ, ಪದರ ಕೆರೆಸಿ, ಹೊಸ ರಬ್ಬರ್ ವಾಷರ್ ಹಾಕಿಸಿದರೆ ತಗಲುವುದು ಬಹುಮಟ್ಟಿಗೆ ಕೂಲಿಯ ಖರ್ಚು ಮಾತ್ರ. ಬೋರ್ ನೀರಿನ ಊರುಗಳಲ್ಲಿ ಇದನ್ನು ವರ್ಷಕ್ಕೊಮ್ಮೆ ಮಾಡಿಸುವುದೂ ಥರ್ಮೋಸ್ಟಾಟನ್ನು 60 ಡಿಗ್ರಿಗಿಂತ ಮೇಲೇರಿಸದಿರುವುದೂ ನಿಜವಾದ ಉಳಿತಾಯ.

ದುರಸ್ತಿಯ ಬಿಲ್ಲಿನಲ್ಲಿ ಮನೆಗೆ ಬರುವ ಶುಲ್ಕ, ಭಾಗದ ಬೆಲೆ, ಕೂಲಿ ಎಂಬ ಮೂರು ಬಾಬುಗಳಿರುತ್ತವೆ. ಇವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳುವುದೂ ಕಳಚಿದ ಹಳೆಯ ಭಾಗವನ್ನು ಕೇಳಿ ಪಡೆಯುವುದೂ ಗ್ರಾಹಕರಿಗೆ ಒಳ್ಳೆಯದು. ಗೀಸರಿನ ಸೂಚಕ ದೀಪ ಉರಿಯುತ್ತಿದ್ದೂ ನೀರು ಕಾಯದಿದ್ದರೆ ದೋಷ ಹೆಚ್ಚಾಗಿ ಕಾಯಿಲಿನಲ್ಲಿ. ನೀರಿನ ಬದಲು ಹಬೆ ಬಂದರೆ ಥರ್ಮೋಸ್ಟಾಟಿನಲ್ಲಿ. ದೀಪವೇ ಹತ್ತದಿದ್ದರೆ ಪ್ಲಗ್, ತಂತಿ ಅಥವಾ ಕಟೌಟಿನಲ್ಲಿ. ಈ ಭಾಗಗಳ ಬೆಲೆ ಹೊಸ ಗೀಸರಿನ ಬೆಲೆಯ ಸಣ್ಣ ಪಾಲಷ್ಟೆ. ತೊಟ್ಟಿಯೇ ತೂತಾಗಿ ಕವಚದ ಅಡಿಯಿಂದ ನೀರು ಜಿನುಗುತ್ತಿದ್ದರೆ ಮಾತ್ರ ದುರಸ್ತಿಗೆ ಹಣ ಸುರಿಯುವುದು ವ್ಯರ್ಥ. ತೊಟ್ಟಿಗೆ ಕಂಪನಿಗಳು ಕೊಡುವ ವಾರಂಟಿ ಸಾಮಾನ್ಯವಾಗಿ ಇತರ ಭಾಗಗಳ ವಾರಂಟಿಗಿಂತ ದೀರ್ಘವಾದದ್ದರಿಂದ ಅಂಥ ಸಂದರ್ಭದಲ್ಲಿ ಹಳೆಯ ರಸೀದಿ ಹುಡುಕುವುದು ಮೊದಲ ಕೆಲಸ.

ತಣ್ಣೀರಿನ ಕೊಳವೆಯ ಬಳಿಯ ಸುರಕ್ಷತಾ ವಾಲ್ವ್ ತೊಟ್ಟಿಕ್ಕುವುದನ್ನು ಮಾತ್ರ ಸೋರಿಕೆಯೆಂದು ಭಾವಿಸಿ ಬಿರಡೆ ಹಾಕಿಸುವುದು ಪ್ರಾಣಾಪಾಯದ ಕೆಲಸ. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯುವಾಗ ಅದರ ಗಾತ್ರ ಲೀಟರಿನ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಬೆಳೆಯುತ್ತದೆ; ಹೀಗೆ ಏರುವ ಒತ್ತಡವನ್ನು ಹೊರಬಿಡಲೆಂದೇ ಆ ವಾಲ್ವ್ ಇರುತ್ತದೆ. ಅದನ್ನು ಮುಚ್ಚಿದ ಮೇಲೆ ಥರ್ಮೋಸ್ಟಾಟೂ ಕಟೌಟೂ ಕೈಕೊಟ್ಟರೆ ತೊಟ್ಟಿ ಸಿಡಿಯಬಹುದು. ನಲ್ಲಿ ಮುಟ್ಟಿದಾಗ ಜುಮ್ಮೆಂದರೂ ಅಷ್ಟೇ ಗಂಭೀರ: ಕಾಯಿಲಿನ ಹೊದಿಕೆ ಒಡೆದಿದೆ, ಜೊತೆಗೆ ಅರ್ಥಿಂಗ್ ಕೂಡ ಸರಿಯಿಲ್ಲ ಎಂದೇ ಅರ್ಥ. 2,000 ವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುವುದರಿಂದ ಅದನ್ನು 16 ಆಂಪಿಯರ್ ಪ್ಲಗ್ಗಿಗೇ ಜೋಡಿಸಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ಹಾಕಿಸಲು ಹಿಂದೆಮುಂದೆ ನೋಡಬಾರದು.

ದುರಸ್ತಿಗಿಂತ ದೊಡ್ಡ ಖರ್ಚು ವಿದ್ಯುತ್ತಿನದು. 20 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್‌ನಷ್ಟು ಬೇಕು. ನಾಲ್ವರ ಸಂಸಾರಕ್ಕೆ ದಿನಕ್ಕೊಂದು ಸ್ನಾನವೆಂದರೂ ತಿಂಗಳಿಗೆ 55 ಯೂನಿಟ್ ದಾಟುತ್ತದೆ, ಸ್ವಿಚ್ ಹಾಕಿಯೇ ಬಿಟ್ಟರೆ ನಿಂತ ನೀರಿನಿಂದ ಸೋರುವ ಶಾಖದ ಲೆಕ್ಕ ಬೇರೆ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ, 2023ರಿಂದ ಜಾರಿಯಲ್ಲಿರುವ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುವುದರಿಂದ, ಸುಣ್ಣ ಕಟ್ಟಿದ ಕಾಯಿಲೋ ವಿದ್ಯುತ್ತನ್ನು ಕಡಿಯದ ಥರ್ಮೋಸ್ಟಾಟೋ ಒಂದು ಮನೆಯನ್ನು ಆ ಗೆರೆಯ ಆಚೆಗೆ ತಳ್ಳಿಬಿಡಬಲ್ಲದು.

ಗ್ಯಾಸ್ ಗೀಸರಿನಲ್ಲಿ ಕಾಯಿಲ್ ಸುಡುವ ತಾಪತ್ರಯವಿಲ್ಲವೆಂಬುದು ನಿಜವಾದರೂ ಗಾಳಿಯಾಡದ ಬಚ್ಚಲಲ್ಲಿ ಅದು ಉರಿದರೆ ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿಕೊಂಡು ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಸಾಯಬಹುದು. ಕರ್ನಾಟಕದಲ್ಲಿ ಇಂಥ ಸಾವುಗಳು ಮತ್ತೆ ಮತ್ತೆ ವರದಿಯಾಗಿವೆ. ಆ ಯಂತ್ರವನ್ನು ಬಚ್ಚಲಿನ ಹೊರಗೋಡೆಗೇ ಕೂರಿಸಬೇಕು.

ವರ್ಷದ ಬಹುಪಾಲು ಬಿಸಿಲು ಕಾಣುವ ಈ ತಾಲ್ಲೂಕುಗಳಿಗೆ ಸೋಲಾರ್ ಹೀಟರ್ ಹೆಚ್ಚು ಹೊಂದುತ್ತದೆ. ರಾಜ್ಯ ಸರ್ಕಾರ 2007ರಲ್ಲೇ ನಿಗದಿತ ವರ್ಗದ ಹೊಸ ಕಟ್ಟಡಗಳಿಗೆ ಅದನ್ನು ಕಡ್ಡಾಯಗೊಳಿಸಿತ್ತು. ಇಲ್ಲಿಯೂ ತೊಂದರೆಯ ಮೂಲ ನೀರೇ. ತಾಮ್ರದ ಸಣ್ಣ ಕೊಳವೆಗಳಿರುವ ಚಪ್ಪಟೆ ಫಲಕಗಳು ಗಡಸು ನೀರಿನಿಂದ ಬೇಗ ಕಟ್ಟಿಕೊಳ್ಳುವ ಕಾರಣ, ಬೋರ್ ನೀರೇ ಗತಿಯಾದ ಮನೆಗಳಿಗೆ ಅಗಲ ಬಾಯಿಯ ಗಾಜಿನ ಕೊಳವೆಗಳ ಮಾದರಿ ಮೇಲು. ಗಾಜು ಒಡೆದರೆ ಒಂದು ಕೊಳವೆಯನ್ನಷ್ಟೇ ಬದಲಿಸಿದರಾಯಿತು. ನೀರಿಲ್ಲದೆ ಬಿಸಿಲಿಗೆ ಕಾದ ಕೊಳವೆಗೆ ಏಕಾಏಕಿ ತಣ್ಣೀರು ಬಿದ್ದರೂ ಗಾಜು ಸೀಳುವುದರಿಂದ, ತಾರಸಿಯ ಟ್ಯಾಂಕ್ ಬರಿದಾಗಿದ್ದ ದಿನ ಸೋಲಾರಿಗೆ ನೀರು ಬಿಡುವುದನ್ನು ಮರುದಿನ ಬಿಸಿಲೇರುವ ಮುನ್ನವೇ ಇಟ್ಟುಕೊಳ್ಳಬೇಕಾಗುತ್ತದೆ.