ಹಳೇ ಜೀಪಿನ ಹಿಂದಿನ ಆಕ್ಸಲ್ ಯಾವ ಕಾಲದ್ದು? ಕೊಳ್ಳೋ ಮುಂಚೆ ಹೀಗೆ ನೋಡಿ

ಎಮ್ಮಿಗನೂರು: ಗುಜರಿಯಲ್ಲಿ ಹಳೇ ಜೀಪಿನ ಆಕ್ಸಲ್ ತೋರಿಸಿ 'ಯುದ್ಧಕಾಲದ ಒರಿಜಿನಲ್ ಮಾಲು' ಅಂತ ರೇಟ್ ಏರಿಸೋರು ಇದ್ದಾರೆ. ಆರ್‌ಸಿಯಲ್ಲಿರೋ ಇಸವಿ ಗಾಡಿಯದ್ದು, ಆಕ್ಸಲ್ ನಡುವೆ ಬದಲಾಗಿರಬಹುದು. ಹೌಸಿಂಗ್ ಮೇಲಿನ ಎರಕದ ನಂಬರ್ ಸಾಮಾನ್ಯವಾಗಿ ಅಚ್ಚಿನದು, ಇಸವಿ ಅಲ್ಲ.

ಮೊದಲು ಚಕ್ರದ ನಡುಭಾಗ ನೋಡಿ. 1941–45ರ ವಿಲ್ಲೀಸ್ ಎಂಬಿ ಜೀಪಿನಲ್ಲಿ ಆಕ್ಸಲ್ ಶಾಫ್ಟನ್ನು ಹಬ್‌ಗೆ ಆರು ಬೋಲ್ಟ್ ಹಿಡಿದಿರುತ್ತವೆ. 1953ರಲ್ಲಿ ಬಂದ, ಮಹೀಂದ್ರ ಕೂಡ ಇಲ್ಲಿ ತಯಾರಿಸಿದ ಸಿಜೆ-3ಬಿಯಲ್ಲಿ ಒಂದೇ ದೊಡ್ಡ ನಟ್.

ಆಮೇಲೆ ಹಲ್ಲು ಎಣಿಸಿ. ಎಂಬಿಯಲ್ಲಿ ಕ್ರೌನ್ 39, ಪಿನಿಯನ್ 8. ಸಿಜೆ-3ಬಿಯಲ್ಲಿ 43 ಮತ್ತು 8.

ಗಾಡಿಯಲ್ಲೇ ಇದೆ, ಬಿಚ್ಚೋಕಾಗಲ್ವಾ? ಉಳಿದ ಮೂರೂ ಚಕ್ರಕ್ಕೆ ಕಲ್ಲು ಕೊಡಿ. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಈ ಜೀಪುಗಳಲ್ಲಿ ಅದು ಶಾಫ್ಟನ್ನೇ ಹಿಡಿಯುತ್ತೆ. ಹಿಂದಿನ ಒಂದೇ ಚಕ್ರ ಜಾಕ್‌ನಲ್ಲಿ ಎತ್ತಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತಿಗೆ ಚೂರು ಕಮ್ಮಿ ತಿರುಗಿದರೆ 39/8, ಐದೂಕಾಲು ದಾಟಿದರೆ 43/8. ಗಾಡಿ ಕೆಳಗೆ ಮಾತ್ರ ನುಗ್ಗಬೇಡಿ.

ಇದರಿಂದ ಕಾಲ ತಿಳಿಯುತ್ತೆ, ಖಚಿತ ಇಸವಿ ಅಲ್ಲ. ಹಬ್, ಹಲ್ಲು ಎರಡೂ ಎಂಬಿಗೆ ಹೊಂದದಿದ್ದರೆ ಯುದ್ಧಕಾಲದ ರೇಟ್ ಕೊಡಬೇಡಿ.